ಎರಡು ಕಾಕರ್ ಸ್ಪ್ಯಾನಿಯಲ್ ನಮ್ಮನೇಲಿ ಫೋಸ್ಟರ್ ಇದಾವೆ, ಶಿರಸಿ ಕಡೆ ತೋಟದ ಮನೆಗೆ ಕೊಡಬಹುದಾ?

ಕೋಡಿಬಾಗದವಳು:

ಎಲ್ಲರಿಗೂ ನಮಸ್ಕಾರ. ನಾನು ಕಾರವಾರ ಕೋಡಿಬಾಗದವಳು. ಎರಡೂವರೆ ತಿಂಗಳಾಯ್ತು, ನಮ್ಮನೇಲಿ ಎರಡು ಕಾಕರ್ ಸ್ಪ್ಯಾನಿಯಲ್ ಇದಾವೆ, ನಮ್ಮವಲ್ಲ, ಒಳ್ಳೆ ಮನೆ ಸಿಗೋ ತನಕ ಅಂತ ಇಟ್ಕೊಂಡಿರೋದು. ಒಂದು ಹೆಣ್ಣು, ಬಂಗಾರದ ಬಣ್ಣ, ಡಾಕ್ಟರು ಹಲ್ಲು ನೋಡಿ ಆರೇಳು ವರ್ಷ ಆಗಿರ್ಬೇಕು ಅಂದ್ರು, ಕೆಂಚಿ ಅಂತ ಕರೀತೀವಿ. ಇನ್ನೊಂದು ಗಂಡು, ಪೂರ್ತಿ ಕಪ್ಪು, ಎರಡು ವರ್ಷದ್ದು, ಹೆಸರು ಕಾಳು. ಕಾಳು ಇದ್ದ ಮನೆಯವರಿಗೆ ಟ್ರಾನ್ಸ್‌ಫರ್ ಆಯ್ತು, ಹೋಗೋ ಊರಲ್ಲಿ ಫ್ಲಾಟಂತೆ, ನಾಯಿ ಇಟ್ಕೊಳ್ಳೋ ಹಾಗಿಲ್ಲ ಅಂತ ಪಕ್ಕದ ಮನೆ ಗೇಟಿಗೆ ಕಟ್ಟಿ ಹೋಗ್ಬಿಟ್ರು. ಕೆಂಚಿದು ಬೇರೆ ಕಥೆ. ಮರಿ ಹಾಕಿಸಿ ಮಾರೋರ ಹತ್ರ ಇದ್ದದ್ದು, ಇನ್ನು ಇದರಿಂದ ಉಪಯೋಗ ಇಲ್ಲ ಅಂತ ಬಿಟ್ಟಿದ್ದು. ಬಂದಾಗ ಮೊಲೆ ಎಲ್ಲ ಜೋತು ಬಿದ್ದಿತ್ತು, ಕಿವಿ ಕೂದಲು ಗಂಟುಗಟ್ಟಿ ಒಣಗಿದ ತೆಂಗಿನ ಸಿಪ್ಪೆ ಥರ ಆಗಿತ್ತು, ನಾನೂ ನನ್ನ ಮಗಳೂ ಕೂತು ಎರಡು ಸಂಜೆ ಕತ್ತರಿ ಹಾಕಿ ಬಿಡಿಸಿದ್ವಿ. ಅದಕ್ಕೆ ಮನೆ ಅಂದ್ರೇನು ಅಂತಾನೇ ಗೊತ್ತಿರ್ಲಿಲ್ಲ. ಮೊದಲ ವಾರ ಹೊಸಿಲು ದಾಟ್ಲಿಲ್ಲ, ಬಾಗ್ಲ ಹತ್ರ ಬಂದು ನಿಲ್ಲೋದು, ನಮ್ಮ ಮುಖ ನೋಡೋದು, ವಾಪಸ್ ಹೋಗೋದು.

ಈಗ ವಿಷ್ಯ ಏನಂದ್ರೆ ಶಿರಸಿ ಹತ್ರ ಒಂದು ಮನೆಯವರು ಕಾಳು ಬೇಕು ಅಂತ ಕೇಳಿದಾರೆ. ಅಡಿಕೆ ತೋಟ, ಕೂಡು ಕುಟುಂಬ, ಮಕ್ಕಳಿದಾರೆ, ಫೋನಲ್ಲಿ ಮಾತಾಡಿದ್ರೆ ಒಳ್ಳೆ ಜನ ಅನ್ಸ್ತದೆ. ಆದ್ರೆ ಎರಡು ಮಾತು ನಂಗೆ ಚುಚ್ತಾ ಇದೆ. ಒಂದು, ಮನೆ ಕಾಯ್ತದಾ ಅಂತ ಕೇಳಿದ್ರು. ಇನ್ನೊಂದು, ರಾತ್ರಿ ಕೊಟ್ಟಿಗೆ ಹತ್ರ ಕಟ್ತೇವೆ ಅಂದ್ರು. ಕಾಳುಗೆ ಯಾರಾದ್ರೂ ಬಂದ್ರೆ ಸಾಕು, ಒಂದು ಚಪ್ಪಲಿ ಬಾಯಲ್ಲಿ ಹಿಡ್ಕೊಂಡು ಬಂದು ಎದುರಿಗೆ ನಿಲ್ತದೆ, ಕಡಿಯೋದೂ ಇಲ್ಲ ಬೊಗಳೋದೂ ಇಲ್ಲ, ಇದು ಎಂಥ ಮನೆ ಕಾಯೋದು ಹೇಳಿ. ಮತ್ತೆ ಅವರು ಪೂರ್ತಿ ಸಸ್ಯಾಹಾರಿ, ಇಲ್ಲಿ ಇದು ದಿನಾ ಮುಳ್ಳು ತೆಗೆದ ಬಂಗಡೆ ಅನ್ನ ತಿಂದು ಅಭ್ಯಾಸ. ಕೆಂಚಿಗೆ ಮೂರು ಫೋನ್ ಬಂತು, ಎರಡರಲ್ಲಿ ಮೊದಲ ಪ್ರಶ್ನೆನೇ ಇನ್ನೂ ಮರಿ ಹಾಕ್ತದಾ ಅಂತ, ನಾನು ಇಟ್ಬಿಟ್ಟೆ. ಮೂರನೆಯವರು ವಯಸ್ಸು ಕೇಳಿ ಸುಮ್ಮನಾದ್ರು.

ಘಟ್ಟದ ಮೇಲೆ ಸ್ಪ್ಯಾನಿಯಲ್ ಸಾಕಿದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಆ ಮಳೆ, ರಕ್ತ ಹೀರೋ ಆ ಉಣ್ಣೆ ಹುಳಕ್ಕೆ ಇದು ತಡೀತದಾ? ಎರಡನ್ನೂ ಬೇರೆ ಬೇರೆ ಮಾಡಿದ್ರೆ ಪಾಪ ಆಗ್ತದಾ? ಕೊಡೋ ಮುಂಚೆ ಏನೇನು ಕೇಳ್ಬೇಕು?

ಶಿರಸಿ ತೋಟದಮನೆ:

ಅಕ್ಕ, ನಮ್ಮನೇಲಿ ಐದು ವರ್ಷದಿಂದ ಕಾಕರ್ ಇದೆ, ಅದೂ ಬೇರೆಯವರು ಬಿಟ್ಟಿದ್ದೇ, ಹುಬ್ಬಳ್ಳಿಯಿಂದ ಬಂದಿದ್ದು. ಹಾಗಾಗಿ ಖಂಡಿತಾ ಸಾಕ್ಬಹುದು ಅಂತ ಮೊದಲೇ ಹೇಳ್ತೇನೆ, ಆದ್ರೆ ನಮ್ಮ ಕಡೆ ಕುನ್ನಿ ಸಾಕೋ ಕ್ರಮದಲ್ಲಿ ಆಗೋದಿಲ್ಲ. ನಮ್ಮಲ್ಲಿ ನಾಯಿ ಅಂದ್ರೆ ಅಂಗಳದ್ದು, ಅನ್ನ ಮಜ್ಜಿಗೆ ಹಾಕಿದ್ರೆ ಆಯ್ತು, ಅದರ ಪಾಡಿಗೆ ಅದು ತೋಟ ಸುತ್ಕೊಂಡು ಬರ್ತದೆ. ಸ್ಪ್ಯಾನಿಯಲ್ ಹಂಗಲ್ಲ, ಅದಕ್ಕೆ ಜನ ಬೇಕು, ನೀವು ಕೊಟ್ಟಿಗೆಗೆ ಹೋದ್ರೆ ಕೊಟ್ಟಿಗೆಗೆ, ಬಚ್ಚಲಿಗೆ ಹೋದ್ರೆ ಬಚ್ಚಲ ಬಾಗ್ಲಿಗೆ. ರಾತ್ರಿ ಹೊರಗೆ ಕಟ್ಟೋದಂತೂ ಬೇಡವೇ ಬೇಡ, ಚಿರತೆ ಮೊದಲು ಹೊತ್ಕೊಂಡು ಹೋಗೋದೇ ಕಟ್ಟಿದ ನಾಯಿನ, ನಮ್ಮೂರಲ್ಲೇ ಎರಡು ಹೋಗಿವೆ. ನಮ್ಮದು ಮಳೆಗಾಲ ಪೂರ್ತಿ ಬಚ್ಚಲ ಒಲೆ ಬುಡದಲ್ಲೇ ಮಲಗೋದು.

ಚಪ್ಪಲಿ ವಿಷ್ಯಕ್ಕೆ ಬೇಜಾರಾಗ್ಬೇಡಿ. ಇವು ಮೂಲದಲ್ಲಿ ಬೇಟೆ ನಾಯಿ, ಪೊದೆ ಒಳಗಿಂದ ಹಕ್ಕಿ ಎಬ್ಬಿಸೋದು, ಬಿದ್ದಿದ್ದನ್ನ ಬಾಯಲ್ಲಿ ಮೆತ್ತಗೆ ಹಿಡಿದು ತಂದು ಕೊಡೋದು ಇದರ ಕೆಲಸ. ಇಂಗ್ಲೆಂಡಲ್ಲಿ ವುಡ್‌ಕಾಕ್ ಅನ್ನೋ ಹಕ್ಕಿ ಬೇಟೆಗೆ ಬಳಸ್ತಿದ್ರು, ಅದಕ್ಕೇ ಕಾಕರ್ ಅಂತ ಹೆಸರು. ನಮ್ಮದು ಗೋಟಡಿಕೆ, ಅಂದ್ರೆ ಹಣ್ಣಾಗಿ ಉದುರಿದ ಅಡಿಕೆ, ತಂದು ಕೊಡ್ತದೆ, ಕೈ ಒಡ್ಡಿದ್ರೆ ಬಿಡ್ತದೆ. ಹಸಿ ಅಡಿಕೆ ಜಗಿಯೋಕೆ ಮಾತ್ರ ಬಿಡ್ಬೇಡಿ ಅಂತ ಆ ಮನೆಯವರಿಗೆ ಹೇಳಿ, ಜೊಲ್ಲು, ವಾಂತಿ, ಭೇದಿ ಎಲ್ಲಾ ಶುರುವಾಗ್ತದೆ. ಮಳೆಗಾಲದಲ್ಲಿ ಅಡಿಕೆ ಕೊಳೆ ರೋಗಕ್ಕೆ ಔಷಧಿ ಹೊಡೆಯೋ ದಿನ ಒಳಗೇ ಇಟ್ಕೊಳ್ಬೇಕು, ಬೋರ್ಡೋ ದ್ರಾವಣ ಅಂದ್ರೆ ಮೈಲುತುತ್ತ ಸುಣ್ಣ, ಡ್ರಮ್ಮಿನ ಹತ್ರ ನಿಂತ ನೀರು ನೆಕ್ಕಿದ್ರೆ ಕಷ್ಟ.

ಉಣ್ಣೆ ಮಾತ್ರ ಗಂಭೀರ ವಿಷ್ಯ. ಸೊಪ್ಪಿನ ಬೆಟ್ಟದಲ್ಲಿ ದರಕು, ಅಂದ್ರೆ ಒಣಗಿದೆಲೆ ರಾಶಿ ಒಳಗೆ ಓಡಾಡಿ ಬಂದ್ರೆ ಅದರ ಉದ್ದ ಕೂದಲಲ್ಲಿ ಎಷ್ಟು ಹತ್ತಿರ್ತದೆ ಅಂತ ಲೆಕ್ಕ ಇರೋದಿಲ್ಲ. ನಾಯಿಗೆ ಉಣ್ಣೆ ಜ್ವರ ಬರ್ತದೆ ಅದೊಂದು, ಜೊತೆಗೆ ಕಾಡಿನ ಉಣ್ಣೆನ ಮನೆ ಒಳಗೇ ತರ್ತದೆ. ಆ ಉಣ್ಣೆ ಕಚ್ಚಿ ಮನುಷ್ಯರಿಗೆ ಬರೋ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ಸೊರಬ ತಾಲೂಕಿನ ಕ್ಯಾಸನೂರಲ್ಲಿ, ನಮ್ಗೇನು ದೂರ ಅಲ್ಲ, ಪಕ್ಕದ ಸಿದ್ದಾಪುರದಲ್ಲೂ ಆಗಿದೆ. ಅದಕ್ಕೇ ನಾವು ಮಳೆಗಾಲ ಕಳೆದು ಚಳಿ ಶುರುವಾದ್ಮೇಲೆ ಮತ್ತೆ ಮಳೆ ಬೀಳೋ ತನಕ ಬೆಟ್ಟಕ್ಕೆ ಕರ್ಕೊಂಡೇ ಹೋಗೋದಿಲ್ಲ, ಅಂಗಳ ತೋಟ ಅಷ್ಟೇ. ದಿನಾ ಸಂಜೆ ಜಗಲಿ ಮೇಲೆ ಮಲಗಿಸಿ ಬೆರಳ ಸಂದಿ, ಕಂಕುಳ, ಕಿವಿ ಮಡಿಕೆ ಎಲ್ಲಾ ಕೈಯಾಡಿಸಿ ನೋಡೋದು. ಸಿಕ್ಕಿದ್ದನ್ನ ಚಿಮಟದಲ್ಲಿ ಚರ್ಮದ ಬುಡಕ್ಕೇ ಹಿಡಿದು ನೇರ ಎಳೀಬೇಕು, ಉಗುರಲ್ಲಿ ಒತ್ತಿ ಒಡೆಯೋದು, ಸೀಮೆಎಣ್ಣೆ ಹಾಕೋದು, ಬೆಂಕಿ ತಾಗ್ಸೋದು ಮಾಡ್ಬಾರ್ದು. ದನಕ್ಕೆ ಹೊಡೆಯೋ ಔಷಧಿ ಇದಕ್ಕೂ ಒಂದಿಷ್ಟು ಹಾಕಿದ್ರಾಯ್ತು ಅಂತ ನಮ್ಮ ಕಡೆ ಸುಮಾರು ಜನ ಮಾಡ್ತಾರೆ, ಡಾಕ್ಟರನ್ನ ಕೇಳದೆ ಖಂಡಿತಾ ಬೇಡ. ಉತ್ತರಣೆ ಮುಳ್ಳಂತೂ ಕಿವಿ ಕೂದಲಿಗೆ ಅಂಟ್ಕೊಂಡು ಬಂದೇ ಬರ್ತದೆ, ಬಾಚಣಿಗೆ ಕೈಲೇ ಇರ್ಬೇಕು.

ಸಸ್ಯಾಹಾರಕ್ಕೆ ತೊಂದ್ರೆ ಇಲ್ಲ. ನಮ್ಮದೂ ಹವ್ಯಕರ ಮನೆ, ಪ್ಯಾಕೆಟ್ ಆಹಾರ ತಂದು ಡಾಕ್ಟರು ಹೇಳಿದ ಅಳತೆಲಿ ಹಾಕ್ತೇವೆ, ಜೊತೆಗೆ ಮೊಸರನ್ನ ಸ್ವಲ್ಪ. ಮೊದಲು ಅಮ್ಮ ಒಪ್ಪಿರ್ಲಿಲ್ಲ, ಈಗ ಬೆಳಿಗ್ಗೆ ಎದ್ದ ಕೂಡ್ಲೇ ಕೇಳೋದೇ "ಕುನ್ನಿಗೆ ಹಾಕಿದ್ಯ?" ಅಂತ. ಒಂದು ಉಪಾಯ ಹೇಳ್ತೇನೆ, ಹಳೇ ಕಾಲುಚೀಲದ ತುದಿ ಕತ್ತರಿಸಿ ಊಟದ ಹೊತ್ತಿಗೆ ತಲೆಗೆ ಹಾಕಿ, ಕಿವಿ ಎರಡೂ ಅದರ ಒಳಗೆ ಹಿಂದಕ್ಕೆ ನಿಲ್ತದೆ, ಅನ್ನದಲ್ಲಿ ಅದ್ದೋದಿಲ್ಲ. ಎರಡೇ ದಿನಕ್ಕೆ ಅಭ್ಯಾಸ ಆಗ್ತದೆ, ನಮ್ಮದು ಕಾಲುಚೀಲ ಕಂಡ್ರೆ ತಾನೇ ತಲೆ ಬಗ್ಗಿಸ್ತದೆ.

ಕುಮಟಾ ಮಾಮ:

ತಂಗಿ, ನಾನು ಪಶು ಆಸ್ಪತ್ರೆಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವ, ಡಾಕ್ಟರ್ ಅಲ್ಲ, ಆದ್ರೆ ಸ್ಪ್ಯಾನಿಯಲ್ ಕಿವಿ ಸುಮಾರು ನೋಡಿದೇನೆ. ನಮ್ಮ ಕರಾವಳಿ ಸೆಕೆಗೂ ಆ ಕಿವಿಗೂ ಆಗೋದಿಲ್ಲ. ಉದ್ದ ಕಿವಿ ಮುಚ್ಕೊಂಡಿರ್ತದೆ, ಒಳಗೆ ಕೂದಲು, ಮೇಣನೂ ಜಾಸ್ತಿ, ಗಾಳಿ ಆಡೋದಿಲ್ಲ, ಜೂನಿಂದ ಸೆಪ್ಟೆಂಬರ್ ತನಕ ಒಣಗೋದೇ ಇಲ್ಲ. ಕಿವಿ ಎತ್ತಿ ಮೂಸಿ ನೋಡಿ, ಹುಳಿ ಬಂದ ದೋಸೆ ಹಿಟ್ಟಿನ ವಾಸನೆ ಬಂದ್ರೆ, ಕಂದು ಬಣ್ಣದ ಜಿಡ್ಡು ಇದ್ರೆ, ತಲೆ ಕೊಡವ್ತಾ ಇದ್ರೆ ತಡ ಮಾಡದೆ ಡಾಕ್ಟರ ಹತ್ರ ಹೋಗಿ. ಕೊಡವಿ ಕೊಡವಿ ಒಳಗಿನ ರಕ್ತನಾಳ ಒಡೆದು ಕಿವಿ ದಿಂಬಿನ ಹಾಗೆ ಊದ್ಕೊಂಡಿದ್ದೂ ನೋಡಿದೇನೆ. ಕೊಬ್ಬರಿ ಎಣ್ಣೆ ಬಿಡೋದು, ಬಡ್ಸ್ ಆಳಕ್ಕೆ ಹಾಕೋದು ಎರಡೂ ಬೇಡ. ಕಿವಿ ತಮಟೆ ಸರಿ ಇದೆಯಾ ಅಂತ ಡಾಕ್ಟರು ನೋಡಿದ ಮೇಲೇ ಡ್ರಾಪ್ಸ್. ಕಿವಿ ಒಳಮೈ ಕೂದಲು ಸಣ್ಣಕ್ಕೆ ಕತ್ತರಿಸಿ, ಸಮುದ್ರಕ್ಕೆ ಇಳಿಸಿದ್ರೆ ಬಂದ ಕೂಡ್ಲೇ ಸಿಹಿ ನೀರಲ್ಲಿ ಮೈ ತೊಳೆದು ಕಿವಿ ಒಣ ಬಟ್ಟೇಲಿ ಒರೆಸಿ.

ಲಸಿಕೆ ಬಗ್ಗೆ ಆ ಮನೆಯವರಿಗೆ ಸರಿ ತಿಳಿಸಿ ಹೇಳು. ರೇಬೀಸ್ ವರ್ಷ ವರ್ಷ ಹಾಕ್ಸ್ಲೇಬೇಕು. ಇನ್ನೊಂದು ಇಂಜೆಕ್ಷನ್ ಅಂತಾರಲ್ಲ ಡಿಸ್ಟೆಂಪರ್, ಪಾರ್ವೋ ಎಲ್ಲ ಸೇರಿದ್ದು, ಅದರಲ್ಲಿ ಲೆಪ್ಟೋ, ಅಂದ್ರೆ ಇಲಿಜ್ವರದ್ದು ಕೂಡ ಇರೋದನ್ನೇ ಕೇಳಿ ಹಾಕ್ಸ್ಬೇಕು. ಗದ್ದೆ ತೋಟ ಇದ್ದಲ್ಲಿ ಇಲಿ ಇದ್ದೇ ಇರ್ತದೆ, ಇಲಿಜ್ವರ ನಾಯಿಗೂ ಬರ್ತದೆ, ಅದರ ಮೂತ್ರದಿಂದ ಮನುಷ್ಯರಿಗೂ ಬರ್ತದೆ. ಕೆಂಚಿಗೆ ಮರಿ ಆಗದ ಹಾಗೆ ಆಪರೇಷನ್ ಆಗಿದೆಯಾ? ನೀನು ಬರೀಲಿಲ್ಲ. ಆಗಿಲ್ಲ ಅಂದ್ರೆ ಕೊಡೋ ಮುಂಚೆ ಮಾಡ್ಸು. ಹೆತ್ತು ಹೆತ್ತು ದಣಿದ ಹೆಣ್ಣು ನಾಯಿಗೆ ಈ ವಯಸ್ಸಲ್ಲಿ ಗರ್ಭಕೋಶದಲ್ಲಿ ಕೀವು ತುಂಬೋದು ಉಂಟು, ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ಜಾಸ್ತಿ ನೀರು ಕುಡಿಯೋದು, ಊಟ ಬಿಡೋದು ಕಂಡ್ರೆ ಅದೇ ಅಂತ ತಿಳ್ಕೊಂಡು ಓಡ್ಬೇಕು.

ಬೇರೆ ಮಾಡೋ ಪ್ರಶ್ನೆಗೆ, ಒಂದು ಇಡೀ ದಿನ ಕಾಳುನ ನಿಮ್ಮ ನೆಂಟರ ಮನೇಲಿ ಬಿಟ್ಟು ನೋಡು. ಕೆಂಚಿ ಉಂಡು ಮಲಗಿದ್ರೆ ಬೇರೆ ಮಾಡ್ಬಹುದು. ಬಾಗ್ಲ ಹತ್ರ ಕೂತು ಉಣ್ಣದೆ ಇದ್ರೆ ಎರಡಕ್ಕೂ ಒಂದೇ ಮನೆ ಹುಡ್ಕು.

ಹೊನ್ನಾವರ ಕಾಸರಕೋಡು:

ನಾನು ಮಾಡಿದ ತಪ್ಪು ನೀವು ಮಾಡ್ಬಾರ್ದು ಅಂತ ಬರೀತಿದೇನೆ. ಮೂರು ವರ್ಷದ ಹಿಂದೆ ಒಂದು ಹೆಣ್ಣು ಕಾಕರ್ ನಮ್ಮಲ್ಲಿ ಎರಡು ತಿಂಗಳು ಇತ್ತು, ವಾಟ್ಸಾಪ್ ಸ್ಟೇಟಸ್ಸಿಗೆ ಫೋಟೋ ಹಾಕಿ ಉಚಿತ ಅಂತ ಬರ್ದೆ, ಸಂಜೆ ಒಳಗೆ ಹದಿನೈದು ಜನ ಕೇಳಿದ್ರು. ಕಾರಲ್ಲಿ ಬಂದು ಮಕ್ಕಳ ಕೈಲಿ ಮುದ್ದು ಮಾಡ್ಸಿದವರಿಗೆ ಕೊಟ್ಟೆ, ಅವರ ಮನೆ ನೋಡ್ಲೇ ಇಲ್ಲ. ಐದು ತಿಂಗಳಾದ್ಮೇಲೆ ಮನಸ್ಸು ತಡೀಲಿಲ್ಲ ಅಂತ ಹುಡುಕ್ಕೊಂಡು ಹೋದ್ರೆ ಹಿತ್ತಲ ಕೋಣೆಲಿ ಮೂರಡಿ ಸರಪಳಿ, ಹೊಟ್ಟೆಲಿ ಮರಿ. ಜಗಳ ಮಾಡಿ, ಊರವರನ್ನ ಸೇರಿಸಿ ವಾಪಸ್ ತಂದೆ. ನಾನು ಕರೆದ ಹೆಸರು ಅದಕ್ಕೆ ನೆನಪಿತ್ತು, ಅದನ್ನ ಈಗ ಬರೆಯುವಾಗ್ಲೂ ಕಣ್ಣು ತುಂಬ್ತದೆ.

ಅದಕ್ಕೇ ಹೇಳ್ತೇನೆ, ಆಪರೇಷನ್ ಮಾಡ್ಸದೆ ಕೊಡ್ಲೇಬೇಡಿ. ಆಪರೇಷನ್ ಆಗಿದೆ ಅಂತ ಮೊದಲೇ ಹೇಳಿ, ಕೇಳೋರಲ್ಲಿ ಅರ್ಧ ಜನ ಅಲ್ಲಿಗೇ ಹೋಗ್ತಾರೆ, ಹೋಗ್ಲಿ. ಆ ಮನೆಗೆ ನೀವೇ ನಾಯಿ ಕರ್ಕೊಂಡು ಹೋಗಿ ಬಿಟ್ಟು ಬನ್ನಿ, ಎಲ್ಲಿ ಮಲಗ್ತದೆ, ಬಾವಿಗೆ ಕಟ್ಟೆ ಇದೆಯಾ, ಮನೆಲಿರೋ ದೊಡ್ಡವರಿಗೆ ಒಪ್ಪಿಗೆ ಇದೆಯಾ ಕಣ್ಣಾರೆ ನೋಡಿ. ಆಗ್ಲಿಲ್ಲ ಅಂದ್ರೆ ಬೇರೆಯವರಿಗೆ ದಾಟಿಸ್ಬೇಡಿ, ನನಗೇ ವಾಪಸ್ ಕೊಡಿ ಅಂತ ಒಂದು ಹಾಳೇಲಿ ಬರೆಸಿ ಸಹಿ ಹಾಕಿಸ್ಕೊಳ್ಳಿ. ಸಾಕಿದ ಪ್ರಾಣಿನ ಬೀದಿಗೆ ಬಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ ಅಂತ ಆ ಹಾಳೇಲೇ ಬರೀರಿ. ಮರಿ ಮಾಡಿಸಿ ಮಾರೋರಿಗೂ 2017ರಲ್ಲಿ ನಿಯಮ ಬಂದಿದೆ, ಹದಿನೆಂಟು ತಿಂಗಳು ತುಂಬೋ ಮುಂಚೆ ಹೆಣ್ಣನ್ನ ಕೂಡಿಸೋ ಹಾಗಿಲ್ಲ, ಜೀವಮಾನದಲ್ಲಿ ಐದು ಸೂಲಿಗಿಂತ ಜಾಸ್ತಿ ಇಲ್ಲ, ಆದ್ರೆ ಕೆಂಚಿಯಂಥವನ್ನ ನೋಡಿದ್ರೆ ಯಾರು ಪಾಲಿಸ್ತಾರೆ ಅಂತ ಹೊಟ್ಟೆ ಉರೀತದೆ.

ಮೊದಲ ಮೂರು ದಿನ ಹೆದರ್ತದೆ, ಮೂರು ವಾರಕ್ಕೆ ಮನೆ ಕ್ರಮ ತಿಳೀತದೆ, ಮೂರು ತಿಂಗಳಿಗೆ ತಮ್ಮದು ಅಂತ ಆಗ್ತದೆ ಅಂತ ನಾವು ಹೇಳ್ಕೊಳ್ಳೋದು. ನಾಲ್ಕನೇ ದಿನಕ್ಕೆ ಫೋನ್ ಮಾಡಿ ಸರಿ ಹೋಗ್ಲಿಲ್ಲ ಅನ್ನೋರಿಗೆ ಇದನ್ನ ಮೊದಲೇ ಹೇಳಿಟ್ಟಿರಿ.

ಕೋಡಿಬಾಗದವಳು:

ಎಲ್ಲರಿಗೂ ಉತ್ತರ ಕೊಡೋಕೆ ಹದಿನೈದು ದಿನ ತಡ ಆಯ್ತು, ಕ್ಷಮಿಸಿ. ಮಾಮ ಹೇಳಿದ ಹಾಗೆ ಕಾಳುನ ಒಂದು ದಿನ ನನ್ನ ತಂಗಿ ಮನೆ ಸದಾಶಿವಗಡದಲ್ಲಿ ಬಿಟ್ಟೆ. ಕೆಂಚಿ ಸ್ವಲ್ಪ ಹುಡುಕ್ತು, ಆಮೇಲೆ ಉಂಡು ನನ್ನ ಕಾಲ ಹತ್ರ ಮಲಗ್ತು. ನಿಜ ಹೇಳ್ಬೇಕಂದ್ರೆ ಕಾಳು ಇಲ್ಲದ ದಿನ ಅದು ಇನ್ನೂ ನಿರಾಳ ಇತ್ತು, ಅವನ ಆಟ ಇದಕ್ಕೆ ಭಾರ ಆಗ್ತಿತ್ತು ಅಂತ ಅವತ್ತೇ ನಂಗೆ ಗೊತ್ತಾಗಿದ್ದು. ಕಾಳುಗೆ ಮೊದಲೇ ಆಪರೇಷನ್ ಆಗಿತ್ತು, ಕೆಂಚಿಗೆ ಕಳೆದ ವಾರ ಆಯ್ತು, ಹೊಲಿಗೆ ಒಣಗ್ತಾ ಇದೆ.

ಮೊನ್ನೆ ಭಾನುವಾರ ಕಾಳುನ ಕರ್ಕೊಂಡು ದೇವಿಮನೆ ಘಟ್ಟ ಹತ್ತಿ ಆ ಮನೆಗೆ ಹೋದ್ವಿ, ಬೆಳಿಗ್ಗೆ ಏನೂ ಹಾಕಿರ್ಲಿಲ್ಲ, ಆದ್ರೂ ತಿರುವಲ್ಲಿ ಒಂದು ಸಲ ವಾಂತಿ ಆಯ್ತು. ಕೊಟ್ಟಿಗೆ ಮಾತು ಎತ್ತಿದೆ. ಮನೆ ಯಜಮಾನ್ರು ನಮ್ಗೆ ಗೊತ್ತಿರ್ಲಿಲ್ಲ ತಂಗಿ, ಎಲ್ಲಾ ನಾಯಿನೂ ಹಾಗೇ ಅಂದ್ಕೊಂಡಿದ್ವಿ ಅಂದ್ರು, ಅಲ್ಲೇ ಎದ್ದು ಒಳ ಜಗಲಿ ಮೂಲೆಲಿದ್ದ ಗೋಣಿ ಚೀಲ ಸರಿಸಿ ಜಾಗ ತೋರ್ಸಿದ್ರು. ಉಣ್ಣೆ, ಕಿವಿ, ಲಸಿಕೆ ಎಲ್ಲಾ ಅವರ ಸೊಸೆ ನೋಟ್‌ಬುಕ್ಕಲ್ಲಿ ಬರ್ಕೊಂಡ್ಳು. ಹಾಳೆಗೆ ಸಹಿ ಆಯ್ತು. ಮನೆ ಕಾಯೋ ಮಾತು ಮತ್ತೆ ಬರ್ಲಿಲ್ಲ, ಯಾಕಂದ್ರೆ ಕಾಳು ಅಷ್ಟು ಹೊತ್ತಿಗೆ ಅವರ ಅಜ್ಜನ ಚಪ್ಪಲಿ ಹಿಡ್ಕೊಂಡು ಅಜ್ಜನ ಎದುರೇ ನಿಂತಿತ್ತು. ಒಂದು ತಿಂಗಳು ನೋಡೋಣ ಅಂತ ಬಿಟ್ಟು ಬಂದಿದೇವೆ, ದಿನಾ ಸಂಜೆ ಫೋಟೋ ಬರ್ತಿದೆ, ಹುಡುಗ್ರು ಕಾಲುಚೀಲ ಹಾಕಿಸಿ ಊಟ ಮಾಡ್ಸ್ತಾ ಇದಾರೆ.

ಕೆಂಚಿಗೆ ಇನ್ನೂ ಮನೆ ಬೇಕು. ಹದಿಮೂರು ಕೆಜಿ ಇದೆ, ಎರಡೂ ಲಸಿಕೆ ಆಗಿದೆ, ಎಡ ಕಿವಿಗೆ ಇನ್ನೂ ಹತ್ತು ದಿನ ಡ್ರಾಪ್ಸ್ ಹಾಕ್ಬೇಕು, ಹಾಕುವಾಗ ಅಲ್ಲಾಡೋದಿಲ್ಲ. ಮೆಟ್ಟಿಲು ಹತ್ತೋಕೆ ಹೆದರ್ತದೆ, ಹಾಗಾಗಿ ನೆಲದ ಮನೆ ಆದ್ರೆ ಒಳ್ಳೇದು. ಸಣ್ಣ ಮಕ್ಕಳ ಗದ್ದಲ ಬೇಡ, ಹಗಲು ಹೊತ್ತು ಯಾರಾದ್ರೂ ಮನೇಲಿ ಇರೋರು ಬೇಕು, ವಯಸ್ಸಾದ ಗಂಡ ಹೆಂಡ್ತಿ ಇದ್ರೆ ಅದಕ್ಕೆ ಬಹಳ ಹಿಡಿಸ್ತದೆ. ಅಂಕೋಲಾ, ಕುಮಟಾ, ಯಲ್ಲಾಪುರ ಎಲ್ಲೇ ಆದ್ರೂ ನಾನೇ ಕರ್ಕೊಂಡು ಬರ್ತೇನೆ. ಗೊತ್ತಿದ್ದವರು ಇದ್ರೆ ಇಲ್ಲೇ ಕೆಳಗೆ ಬರೀರಿ.