ಪಿಸ್ತೂಲಿನ ವಿನ್ಯಾಸ ಬದಲಿಸಿದರೆ ‘ಸ್ವಿಚ್’ ಹಾವಳಿ ತಗ್ಗುತ್ತಾ?

ಪ್ರಶ್ನೆ
ಅಮೆರಿಕದಲ್ಲಿ ಪಿಸ್ತೂಲು ತಯಾರಿಸುವ ಗ್ಲಾಕ್ ಕಂಪನಿ 2025ರ ಅಕ್ಟೋಬರ್‌ನಲ್ಲಿ ಹಲವು ಹಳೇ ಮಾಡೆಲ್‌ಗಳನ್ನು ಕೈಬಿಟ್ಟು ‘ವಿ’ ಸರಣಿ ಘೋಷಿಸಿತು. ಪಿಸ್ತೂಲನ್ನು ಆಟೊಮ್ಯಾಟಿಕ್ ಮಾಡುವ, ಅಂದರೆ ಟ್ರಿಗರ್ ಒತ್ತಿ ಹಿಡಿದರೆ ಗುಂಡು ಹಾರುತ್ತಲೇ ಇರುವಂತೆ ಮಾಡುವ ‘ಸ್ವಿಚ್’ ಅನ್ನೋ ಬಿಡಿಭಾಗ ಇಟ್ಟುಕೊಳ್ಳುವುದೇ ಅಲ್ಲಿ ಅಪರಾಧ ಅಲ್ಲವೇ? ಹಾಗಿದ್ದ ಮೇಲೆ ಪಿಸ್ತೂಲನ್ನೇ ಯಾಕೆ ಬದಲಿಸಬೇಕು?

ಉತ್ತರ 1
ಅಪರಾಧವೇ. ಫೆಡರಲ್ ಕಾನೂನಿನಲ್ಲಿ ಆ ಬಿಡಿಭಾಗವೇ ಮೆಷಿನ್ ಗನ್. ಪಿಸ್ತೂಲಿಗೆ ಜೋಡಿಸಿರಲೇಬೇಕು ಅಂತಿಲ್ಲ. ಶಿಕ್ಷೆ 10 ವರ್ಷದವರೆಗೆ ಜೈಲು. ಆದರೂ ಬಂದೂಕು ಕಾನೂನು ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎಟಿಎಫ್‌ನ ಲೆಕ್ಕದಲ್ಲಿ 2017ರಿಂದ 2021ರೊಳಗೆ ಸಿಕ್ಕ ಇಂಥ ಸಾಧನಗಳು 5,454. ಅದರ ಹಿಂದಿನ ಐದು ವರ್ಷಕ್ಕಿಂತ 570% ಹೆಚ್ಚು. ನಾಣ್ಯದಷ್ಟು ಚಿಕ್ಕ ವಸ್ತು, 3ಡಿ ಪ್ರಿಂಟರ್‌ನಲ್ಲೂ ಬರುತ್ತೆ. ಇದನ್ನು ಹುಡುಕಿ ಹಿಡಿಯುವುದರಿಂದಲೇ ತಡೆಯೋಕಾಗಲ್ಲ.

ಅಪಾಯದ ಅಳತೆ ಬೇಕಾದರೆ ಹೀಗೆ ಲೆಕ್ಕ ಹಾಕಿ: ಸ್ವಿಚ್ ಹಾಕಿದ ಪಿಸ್ತೂಲಿನಿಂದ ನಿಮಿಷಕ್ಕೆ ಸುಮಾರು 1,200 ಗುಂಡು ಅಂದರೆ ಸೆಕೆಂಡಿಗೆ 20. 17 ಗುಂಡಿನ ಮ್ಯಾಗಜಿನ್ ಒಂದು ಸೆಕೆಂಡಿನೊಳಗೆ ಖಾಲಿ. ಪಿಸ್ತೂಲು ಹಗುರ, ಹೆಗಲಿಗೆ ಆನಿಸುವ ಹಿಡಿ ಇಲ್ಲ. ಒಂದು ಗುಂಡಿನ ಒದೆತದಿಂದ ಕೈ ಸುಧಾರಿಸಿಕೊಳ್ಳುವಷ್ಟರಲ್ಲಿ ಮುಂದಿನದು ಹಾರಿರುತ್ತೆ, ನಳಿಕೆ ಮೇಲಕ್ಕೆ ಏರುತ್ತಾ ಹೋಗುತ್ತೆ. ದಾರಿಹೋಕರಿಗೆ, ಅಕ್ಕಪಕ್ಕದ ಮನೆಗಳಿಗೆ ಗುಂಡು ಬೀಳುವುದು ಇದರಿಂದಲೇ.

ಉತ್ತರ 2
ವಿನ್ಯಾಸ ಬದಲಿಸುವಂತೆ ಮಾಡಿದ್ದು ಇದೇ ಮೊದಲಲ್ಲ. 1982ರಲ್ಲಿ ಎಟಿಎಫ್, ಬೋಲ್ಟ್ (ಗುಂಡನ್ನು ನಳಿಕೆಗೆ ತಳ್ಳುವ ಭಾಗ) ತೆರೆದಿರುವಾಗ ಹೊಡೆಯುವ ಕೆಜಿ-9 ಥರದ ಪಿಸ್ತೂಲುಗಳನ್ನು ಸುಲಭವಾಗಿ ಮಾರ್ಪಡಿಸಬಹುದು ಅನ್ನುವ ಕಾರಣಕ್ಕೆ ಮೆಷಿನ್ ಗನ್ ಪಟ್ಟಿಗೆ ಸೇರಿಸಿತು. ತಯಾರಕರು ಬೋಲ್ಟ್ ಮುಚ್ಚಿರುವಾಗ ಹೊಡೆಯುವ ವಿನ್ಯಾಸಕ್ಕೆ ಹೋದರು, ಟೆಕ್-9 ಬಂದದ್ದು ಹಾಗೆ. ಆದರೆ ಆ ನಿಯಮ ಅಲ್ಲಿಂದ ಮುಂದೆ ತಯಾರಾದವಕ್ಕೆ ಮಾತ್ರ. ಅದಕ್ಕೂ ಮೊದಲು ಮಾರಾಟವಾದವು ಜನರ ಕೈಯಲ್ಲೇ ಉಳಿದವು.

ಉತ್ತರ 3
ಮೇಲಿನವರ ಕೊನೆಯ ಮಾತೇ ಈಗಲೂ ದೊಡ್ಡ ತೊಡಕು. ಕ್ಯಾಲಿಫೋರ್ನಿಯಾ ರಾಜ್ಯದ ಎಬಿ 1127 ಕಾನೂನು, ಸ್ವಿಚ್ ಸುಲಭವಾಗಿ ಕೂರುವ ಪಿಸ್ತೂಲುಗಳ ವಿಚಾರದಲ್ಲಿ ಡೀಲರ್‌ಗಳ ಮಾರಾಟಕ್ಕೆ ಹಾಕಿದ ತಡೆ. ಅದು ಅನ್ವಯಿಸುವುದು 2026ರ ಜುಲೈ 1ರಿಂದ. ಈಗಾಗಲೇ ಕೊಂಡವರ ಪಿಸ್ತೂಲನ್ನು ಅದು ಕಿತ್ತುಕೊಳ್ಳಲ್ಲ.

ಅದು ಕೇಳುವ ಪ್ರಶ್ನೆ ಬಹಳ ಕಿರಿದು: ಬರಿಗೈಯಲ್ಲೋ ಮನೆಯಲ್ಲಿರುವ ಸಾಮಾನ್ಯ ಉಪಕರಣದಿಂದಲೋ, ಬೇರೇನೂ ಕೊರೆಯದೆ, ಸ್ವಿಚ್ ಕೂರಿಸಿದ ಮಾತ್ರಕ್ಕೆ ಪಿಸ್ತೂಲು ಮೆಷಿನ್ ಗನ್ ಆಗುತ್ತಾ? ಯಾವ ತಂತ್ರಕ್ಕೂ ಜಗ್ಗದ ಪಿಸ್ತೂಲು ಮಾಡಿ ಅಂತ ಯಾರೂ ಕೇಳಿಲ್ಲ. ನಿಮಿಷಗಳಲ್ಲಿ ಮುಗಿಯುವ ಕೆಲಸಕ್ಕೆ ಯಂತ್ರ, ಕೌಶಲ, ಸಮಯ ಬೇಕಾಗುವಂತೆ ಮಾಡಿದರೂ ಬೀದಿ ಗುಂಪಿನ ಹದಿನೇಳರ ಹುಡುಗ ಹಿಂದೆ ಸರಿಯುತ್ತಾನೆ. ನನ್ನ ಪ್ರಕಾರ ಆ ಒಂದು ಅಡ್ಡಿಯೇ ಜೀವ ಉಳಿಸುತ್ತೆ.

ವಿನ್ಯಾಸ ನೋಡುವಾಗ ಒಂದನ್ನು ಗಮನಿಸಿ. ತಡೆ ಇರುವುದು ಕಳಚಿ ಬದಲಿಸಬಹುದಾದ ಬಿಡಿಭಾಗದಲ್ಲೋ, ಸೀರಿಯಲ್ ನಂಬರ್ ಇರುವ ಚೌಕಟ್ಟಿನಲ್ಲೋ? ಬಿಡಿಭಾಗದಲ್ಲಿದ್ದರೆ ಹಳೇದನ್ನು ತಂದು ಹಾಕಿ ತಡೆಯನ್ನೇ ಇಲ್ಲವಾಗಿಸಬಹುದು. ಪೊಲೀಸರೂ ಅಷ್ಟೇ, ಸ್ವಿಚ್ ಸಿಕ್ಕಾಗಲೆಲ್ಲ ಪಿಸ್ತೂಲಿನ ಮಾಡೆಲ್, ಪೀಳಿಗೆ, ತಯಾರಾದ ವರ್ಷ ಬರೆದಿಡಬೇಕು. ಅದಿಲ್ಲದಿದ್ದರೆ ಐದು ವರ್ಷ ಕಳೆದರೂ ಹೊಸ ವಿನ್ಯಾಸ ಕೆಲಸ ಮಾಡಿತಾ ಅಂತ ಅಳೆಯೋಕೆ ಆಗಲ್ಲ.