ಬೆಂಗ್ಳೂರು ಔಟರ್ ರಿಂಗ್ ರೋಡಲ್ಲಿ ಕಾರಿಗೆ ಫೀಸ್ ಹಾಕಿದ್ರೆ ಟ್ರಾಫಿಕ್ ನಿಜಕ್ಕೂ ಕಮ್ಮಿ ಆಗುತ್ತಾ? ದಿನಾ ಓಡಾಡೋರು ಹೇಳಿ

ಜೆಪಿನಗರದವ:
ಎಲ್ರಿಗೂ ನಮಸ್ಕಾರ. ನಾನು ಜೆಪಿ ನಗರದಿಂದ ಬೆಳ್ಳಂದೂರಿಗೆ ದಿನಾ ಕಾರಲ್ಲಿ ಹೋಗಿ ಬರೋನು, ಒಬ್ನೇ. ಹೋಗೋಕೆ ಒಂದೂಕಾಲು ಗಂಟೆ, ಬರೋಕೆ ಕೆಲವು ಸಲ ಎರಡು ಗಂಟೆ, ಮಳೆ ಬಂತು ಅಂದ್ರೆ ಲೆಕ್ಕಾನೇ ಇಲ್ಲ. 2025ರಲ್ಲಿ ಈ ರೋಡಲ್ಲಿ ಒಬ್ಬರೇ ಕೂತು ಹೋಗೋ ಕಾರುಗಳಿಗೆ ಫೀಸ್ ಹಾಕ್ಬೇಕು ಅನ್ನೋ ಮಾತು ಪೇಪರಲ್ಲಿ ಬಂತಲ್ಲ, ಆಗ ನಮ್ಮಾಫೀಸಲ್ಲಿ ಎಲ್ರೂ ಬೈದ್ರು, ನಾನೂ ಬೈದೆ. ಗಾಡಿ ತಗೊಳ್ಳುವಾಗ್ಲೇ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದೀವಿ, ಪೆಟ್ರೋಲಲ್ಲೂ ಟ್ಯಾಕ್ಸ್ ಕೊಡ್ತಿದೀವಿ, ಮತ್ತೆ ಇನ್ನೊಂದ್ ಯಾಕೆ ಅಂತ. ಆದ್ರೆ ಹೋದ ವಾರ ಇಬ್ಲೂರ್ ಜಂಕ್ಷನ್ ಹತ್ರ ಇಪ್ಪತ್ತು ನಿಮಿಷ ನಿಂತಲ್ಲೇ ನಿಂತಿದ್ದಾಗ ಸುತ್ತ ಇದ್ದ ಕಾರುಗಳನ್ನ ಸುಮ್ನೆ ಎಣಿಸ್ತಾ ಹೋದೆ. 20 ಕಾರಲ್ಲಿ 16ರಲ್ಲಿ ಡ್ರೈವ್ ಮಾಡೋರು ಬಿಟ್ರೆ ಬೇರೆ ಯಾರೂ ಇರ್ಲಿಲ್ಲ. ನಂದೂ ಸೇರಿಸಿದ್ರೆ 17. ಅವತ್ತಿಂದ ತಲೇಲಿ ಅದೇ ಓಡ್ತಿದೆ. ಬೇರೆ ಊರಲ್ಲಿ ಇದು ಕೆಲಸ ಮಾಡಿದ್ಯಾ? ದುಡ್ಡು ಎಲ್ಲಿಗೆ ಹೋಗುತ್ತೆ? ಅನುಭವ ಇರೋರು ಹೇಳಿ ದಯವಿಟ್ಟು.

ಹಾಸನ್_ಟು_ಲಂಡನ್:
ಸರ್, ನಾನು ಲಂಡನ್ನಲ್ಲಿ ಹನ್ನೊಂದು ವರ್ಷದಿಂದ ಇದೀನಿ, ಹೇಳ್ತೀನಿ ಕೇಳಿ. ಇಲ್ಲಿ ಇದು ಶುರುವಾಗಿದ್ದು 2003ರ ಫೆಬ್ರವರಿ 17ಕ್ಕೆ, ಆಗ ಕೆನ್ ಲಿವಿಂಗ್‌ಸ್ಟನ್ ಮೇಯರ್. ಊರ ಮಧ್ಯಭಾಗಕ್ಕೆ ಬರೋ ಕಾರಿಗೆ ದಿನಕ್ಕೆ 5 ಪೌಂಡ್. ಟೋಲ್ ಗೇಟ್ ಗೀಟ್ ಏನೂ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದ್ಕೊಳ್ಳುತ್ತೆ ಅಷ್ಟೆ. ಮೊದಲ ವರ್ಷಗಳಲ್ಲಿ ಜಾಮು ಸುಮಾರು 30 ಪರ್ಸೆಂಟ್ ಇಳೀತು. ಆದ್ರೆ ಇಲ್ಲಿಂದ ಮುಂದೆ ಹೇಳೋದನ್ನ ಪೇಪರ್‌ನೋರು ಬರಿಯಲ್ಲ. ಫೀಸ್ ಶುರುವಾಗೋ ಹೊತ್ತಿಗೆ ಸುಮಾರು 300 ಹೊಸ ಬಸ್ಸು ರೋಡಿಗೆ ಇಳ್ಸಿದ್ರು, ಕಾರು ಬಿಟ್ಟೋರು ಬಸ್ ಸ್ಟಾಪಲ್ಲಿ ಕಾಯ್ತಾ ನಿಲ್ಬಾರ್ದು ಅಂತ. ಫೀಸಿಂದ ಬಂದ ದುಡ್ಡು ಸಾರಿಗೆಗೇ ಹೋಗ್ಬೇಕು ಅಂತ ಕಾನೂನಲ್ಲೇ ಬರ್ದಿದೆ, ಬೇರೆ ಖಾತೆಗೆ ಎತ್ಕೊಂಡು ಹೋಗೋ ಹಾಗಿಲ್ಲ.

ಇನ್ನೊಂದು ಮಾತೂ ಹೇಳ್ಬೇಕು. ಕೆಲವು ವರ್ಷ ಆದ್ಮೇಲೆ ಸ್ಪೀಡು ಮತ್ತೆ ಹಳೇ ಮಟ್ಟಕ್ಕೇ ಬಂತು. ಒಳಗೆ ಬರೋ ಕಾರು ಕಮ್ಮೀನೇ ಇತ್ತು, ಆದ್ರೆ ನೀರಿನ ಪೈಪ್ ಹಾಕೋಕೆ ರೋಡ್ ಅಗೆದ್ರು, ಬಸ್ಸಿಗೆ, ನಡೆಯೋರಿಗೆ ಜಾಗ ಬಿಟ್ಕೊಟ್ರು. ಫೀಸು 2020ರಲ್ಲಿ 15 ಪೌಂಡ್ ಆಯ್ತು, 2026ರ ಜನವರಿಯಿಂದ 18. ಹಾಗಾಗಿ ಫೀಸ್ ಹಾಕಿದ್ರೆ ಕಾರು ಸರಸರ ಓಡುತ್ತೆ ಅಂತ ನಂಬ್ಕೋಬೇಡಿ. ಬಸ್ಸಲ್ಲಿ ಹೋಗೋನು ಹೇಳಿದ ಟೈಮಿಗೆ ಮನೆ ಸೇರ್ತಾನೆ, ನಾನು ಅದನ್ನೇ ದೊಡ್ಡದು ಅಂತೀನಿ.

ಎಲ್ಲೋ_ಬೋರ್ಡ್:
ಅಣ್ಣಾ ನಾನು ಕ್ಯಾಬ್ ಓಡ್ಸೋನು, ಊರು ಮಂಡ್ಯ ಕಡೆ. ನಿಮ್ದು ಸರಿ, ಒಬ್ರೇ ಆಫೀಸಿಗೆ ಹೋಗೋರು. ನಮ್ ಲೆಕ್ಕ ಹೆಂಗೆ? ಮಾರತ್ತಳ್ಳೀಲಿ ಡ್ರಾಪ್ ಮಾಡಿ ಮುಂದಿನ ಪಿಕಪ್ಪಿಗೆ ಖಾಲಿ ಗಾಡೀಲಿ ಓಡ್ತೀನಲ್ಲ, ಆಗ ನಾನೂ ಒಬ್ನೇ ತಾನೆ, ಕ್ಯಾಮೆರಾಗೆ ಏನ್ ಗೊತ್ತಾಗುತ್ತೆ ನಾನು ಡ್ಯೂಟಿ ಮೇಲಿದೀನಿ ಅಂತ. ದಿನಕ್ಕೆ ನಾಲ್ಕೈದು ಸಲ ಆ ರೋಡಿಗೆ ಹತ್ತಿ ಇಳೀತೀನಿ. ಪ್ರತಿ ಸಲ ಫಾಸ್ಟ್ಯಾಗಿಂದ ಕಟ್ ಆದ್ರೆ ಇಎಂಐ, ಗ್ಯಾಸು, ಕಮಿಷನ್ನು ಎಲ್ಲಾ ಕಳ್ದು ಮನೆಗೆ ಏನ್ ತಗೊಂಡ್ ಹೋಗ್ಲಿ? ಫೀಸ್ ಬೇಡ ಅಂತಲ್ಲ, ಜಾಮಲ್ಲಿ ಜಾಸ್ತಿ ಸಾಯೋದು ನಾವೇ, ಎರಡು ಟ್ರಿಪ್ ಹೋಗುತ್ತೆ ಅದ್ರಲ್ಲಿ. ಆದ್ರೆ ರೂಲ್ಸ್ ಬರಿಯೋವಾಗ ನಮ್ಮನ್ನೂ ಕೂರಿಸ್ಕೊಂಡು ಕೇಳ್ಲಿ.

ಹಾಸನ್_ಟು_ಲಂಡನ್:
ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ ಅಣ್ಣ. ಬ್ಲ್ಯಾಕ್ ಕ್ಯಾಬ್ ಅನ್ನೋ ಇಲ್ಲಿನ ಟ್ಯಾಕ್ಸಿಗೆ ಫೀಸ್ ಇಲ್ಲ, ಆ್ಯಪ್ ಗಾಡಿಗಳಿಗೂ ಮೊದ್ಲು ಇರ್ಲಿಲ್ಲ, 2019ರಲ್ಲಿ ಆ ರಿಯಾಯಿತಿ ತೆಗೆದು ಅವ್ರಿಗೂ ಫೀಸ್ ಹಾಕಿದ್ರು, ಡ್ರೈವರ್‌ಗಳು ತುಂಬಾ ನೊಂದ್ಕೊಂಡ್ರು. ನ್ಯೂಯಾರ್ಕ್‌ನೋರು 2025ರ ಜನವರಿ 5ಕ್ಕೆ ಶುರು ಮಾಡುವಾಗ ಬೇರೆ ಥರ ಮಾಡಿದ್ರು. ಮ್ಯಾನ್‌ಹ್ಯಾಟನ್ನಿನ 60ನೇ ರಸ್ತೆಯಿಂದ ಕೆಳಗೆ ಬರೋ ಕಾರಿಗೆ ಹಗಲು 9 ಡಾಲರ್, ಆದ್ರೆ ಟ್ಯಾಕ್ಸಿಗೆ ದಿನದ ಫೀಸ್ ಇಲ್ಲ, ಒಂದೊಂದು ಟ್ರಿಪ್ಪಿಗೆ 75 ಸೆಂಟ್ಸು, ಆ್ಯಪ್ ಗಾಡಿಗೆ ಒಂದೂವರೆ ಡಾಲರು, ಅದೂ ಪ್ಯಾಸೆಂಜರ್ ಬಿಲ್ಲಲ್ಲಿ ಸೇರುತ್ತೆ. ಖಾಲಿ ಓಡೋವಾಗ ಡ್ರೈವರ್ ಜೇಬಿಂದ ಹೋಗಲ್ಲ. ನಮ್ಮೂರಿಗೆ ಅದು ಸರಿ ಹೊಂದುತ್ತೆ ಅನ್ಸುತ್ತೆ.

ಕಾಡುಬೀಸನಹಳ್ಳಿ_ಸ್ಟಾಪ್:
ಇಲ್ಲಿ ಬಸ್ಸಲ್ಲಿ ಹೋಗೋರು ಯಾರೂ ಮಾತಾಡ್ತಿಲ್ಲ, ಅದಕ್ಕೆ ನಾನು ಬರೀತಿದೀನಿ. ಟಿನ್ ಫ್ಯಾಕ್ಟರಿ ಕಡೆಯಿಂದ ಬರ್ತೀನಿ, ಒಂಬತ್ತು ವರ್ಷ ಆಯ್ತು. 2019ರ ಅಕ್ಟೋಬರಲ್ಲಿ ಇದೇ ರೋಡಲ್ಲಿ ಬಸ್ಸಿಗೇ ಅಂತ ಒಂದು ಲೇನ್ ಮಾಡಿದ್ರು, ನೆನಪಿದ್ಯಾ ಯಾರಿಗಾದ್ರೂ? ಪಕ್ಕದಲ್ಲಿ ಗೂಟ ನೆಟ್ಟು ಬೇರೆ ಗಾಡಿ ಬರದ ಹಾಗೆ. ಆ ಕೆಲವು ತಿಂಗಳು ನಾನು ಮನೆಯಿಂದ ಅರ್ಧ ಗಂಟೆ ಲೇಟಾಗಿ ಹೊರಡ್ತಿದ್ದೆ, ಮಗಳಿಗೆ ಜಡೆ ಹಾಕಿ ಸ್ಕೂಲ್ ವ್ಯಾನಿಗೆ ನಾನೇ ಹತ್ತಿಸ್ತಿದ್ದೆ. ಆಮೇಲೆ ಕೋವಿಡ್ ಬಂತು, ಮೆಟ್ರೋ ಕೆಲಸ ಶುರುವಾಯ್ತು, ಲೇನ್ ಹೋಯ್ತು. ಈಗ ಅರವತ್ತು ಜನ ಇರೋ ಬಸ್ಸು ಒಬ್ಬೊಬ್ರು ಕೂತಿರೋ ಕಾರಿನ ಹಿಂದೆ ನಿಲ್ಲುತ್ತೆ, ಆ ಅರವತ್ತು ಜನದಲ್ಲಿ ಮುಕ್ಕಾಲು ಪಾಲು ನಿಂತೇ ಇರ್ತೀವಿ. ರೋಡ್ ಟ್ಯಾಕ್ಸ್ ಕಟ್ಟಿದೀವಿ ಅಂತೀರಲ್ಲ ಸರ್, ನಮ್ ಟೈಮಿಗೆ ಯಾರ್ ಕಟ್ತಾರೆ? ಕೋಪಕ್ಕೆ ಹೇಳ್ತಿಲ್ಲ, ನಿಜವಾಗ್ಲೂ ಕೇಳ್ತಿದೀನಿ. ನನ್ ಪ್ರಕಾರ ಮೊದ್ಲು ಬಸ್ ಲೇನ್ ವಾಪಸ್ ಕೊಡಿ, ಬಸ್ ಜಾಸ್ತಿ ಬಿಡಿ, ಆಮೇಲೆ ಫೀಸ್ ಹಾಕಿ. ಫೀಸ್ ಮೊದ್ಲು ಹಾಕಿದ್ರೆ ದುಡ್ಡಿರೋರು ಕಟ್ಕೊಂಡ್ ಹೋಗ್ತಾರೆ, ಇಲ್ದೋರು ನಮ್ ಬಸ್ಸಿಗೇ ಬಂದು ನೇತಾಡ್ತಾರೆ, ಫುಟ್‌ಬೋರ್ಡಲ್ಲೂ ಜಾಗ ಇರಲ್ಲ.

ಚಳಿದೇಶದ_ಕನ್ನಡಿಗ:
ಮೇಡಂ ಹೇಳಿದ ಆರ್ಡರ್ರೇ ಸರಿ. ಸ್ಟಾಕ್‌ಹೋಮಲ್ಲೂ ಹಾಗೇ ಮಾಡಿದ್ದು. 2005ರ ಆಗಸ್ಟಲ್ಲೇ ಎಕ್ಸ್‌ಟ್ರಾ ಬಸ್ ಬಿಟ್ರು, ಫೀಸ್ ಶುರುವಾಗಿದ್ದು 2006ರ ಜನವರಿ 3ಕ್ಕೆ, ಅದೂ ಏಳು ತಿಂಗಳ ಟ್ರಯಲ್ ಅಂತ ಮಾತ್ರ. ಶುರುವಾಗೋ ಮುಂಚೆ ಜಾಸ್ತಿ ಜನ ವಿರೋಧಾನೇ. ಫೀಸ್ ಇರೋ ಏರಿಯಾದ ಗಡಿ ದಾಟೋ ಗಾಡಿ ಸುಮಾರು 20 ಪರ್ಸೆಂಟ್ ಕಮ್ಮಿ ಆಯ್ತು, ಜುಲೈ ಕೊನೆಗೆ ಟ್ರಯಲ್ ನಿಲ್ಲಿಸಿದ ತಕ್ಷಣ ಟ್ರಾಫಿಕ್ಕು ವಾಪಸ್ ಏರ್ತು, ಜನ ಅದನ್ನ ಕಣ್ಣಾರೆ ನೋಡಿದ್ರು. ಸೆಪ್ಟೆಂಬರಲ್ಲಿ ಓಟ್ ಹಾಕಿ ಸ್ಟಾಕ್‌ಹೋಮ್ ಸಿಟಿಯೋರು ಬೇಕು ಅಂದ್ರು, ಮುಂದಿನ ವರ್ಷ ಆಗಸ್ಟಿಂದ ಪರ್ಮನೆಂಟು. ಟ್ರಯಲ್ ಇಲ್ದೆ ಮೊದ್ಲೇ ಓಟಿಗೆ ಹಾಕಿದ ಎಡಿನ್‌ಬರೋಲಿ 2005ರಲ್ಲಿ, ಮ್ಯಾಂಚೆಸ್ಟರಲ್ಲಿ 2008ರಲ್ಲಿ ಜನ ಬೇಡ ಅಂದ್ಬಿಟ್ರು.

ಒಬ್ರೇ ಇರೋ ಕಾರಿಗೆ ಮಾತ್ರ ಫೀಸ್ ಅನ್ನೋದ್ರ ಬಗ್ಗೆ ಒಂದು ಮಾತು. ಸಿಂಗಾಪುರದಲ್ಲಿ 1975ರಲ್ಲೇ ಊರೊಳಗೆ ಬರೋಕೆ ದುಡ್ಡು ಕೊಟ್ಟು ತಗೊಳ್ಳೋ ಪೇಪರ್ ಲೈಸೆನ್ಸ್ ಇಟ್ಟು ಶುರು ಮಾಡಿದಾಗ ನಾಲ್ಕು ಜನ ಇರೋ ಕಾರಿಗೆ ಬಿಟ್ಟಿ ಅಂತಿತ್ತು, ಜನ ಬಸ್ ಸ್ಟಾಪಲ್ಲಿ ನಿಂತಿರೋರನ್ನ ಹತ್ತಿಸ್ಕೊಂಡು ಗೇಟ್ ದಾಟ್ತಿದ್ರು. 1989ರಲ್ಲಿ ಆ ರಿಯಾಯಿತಿ ತೆಗೆದ್ರು. ಫಾಸ್ಟ್ಯಾಗು ಗಾಡಿ ಯಾವ್ದು ಅಂತ ಹೇಳುತ್ತೆ, ಒಳಗೆ ಎಷ್ಟು ಜನ ಅಂತ ಹೇಳಲ್ಲ. ತಲೆ ಎಣಿಸೋದು ಬಿಟ್ಟು ಬೆಳಿಗ್ಗೆ ಸಂಜೆ ರಶ್ ಟೈಮಲ್ಲಿ ಎಲ್ಲಾ ಖಾಸಗಿ ಕಾರಿಗೂ ಒಂದೇ ಫೀಸ್ ಇಟ್ರೆ ಸುಲಭ, ನಾಲ್ಕು ಜನ ಹೋದ್ರೆ ನಾಲ್ಕಕ್ಕೆ ಹಂಚ್ಕೊಳ್ತಾರೆ.

ಎಲ್ಲೋ_ಬೋರ್ಡ್:
ಟೂ ವೀಲರ್‌ಗೆ?

ಚಳಿದೇಶದ_ಕನ್ನಡಿಗ:
ಲಂಡನ್ನಲ್ಲಿ ಫ್ರೀ, ನ್ಯೂಯಾರ್ಕಲ್ಲಿ ಕಾರಿನ ಅರ್ಧ. ಬೆಂಗ್ಳೂರಲ್ಲಿ ಕಾರಿಗಿಂತ ಬೈಕೇ ಜಾಸ್ತಿ ಇರೋದ್ರಿಂದ ಇದು ಕಷ್ಟದ ಪ್ರಶ್ನೆ ಅಣ್ಣ. ಡೆಲಿವರಿ ಹುಡುಗ್ರಿಗೆಲ್ಲಾ ಫೀಸ್ ಹಾಕೋದು ನಂಗೆ ಮನಸ್ಸಿಗೆ ಬರಲ್ಲ.

ಜೆಪಿನಗರದವ:
ಎಲ್ರಿಗೂ ಥ್ಯಾಂಕ್ಸ್. ಮೇಡಂ, ನಿಮ್ ಪ್ರಶ್ನೆಗೆ ನನ್ ಹತ್ರ ಉತ್ತರ ಇಲ್ಲ, ಮೂರು ಸಲ ಓದ್ದೆ. ಬಸ್ ಲೇನ್ ಬಂದು, ಬಸ್ಸು ಟೈಮಿಗೆ ಸಿಗೋ ಹಾಗಾದ್ರೆ ನಾನು ಫೀಸ್ ಕಟ್ಟೋಕೂ ರೆಡಿ, ಕಾರು ಬಿಡೋಕೂ ರೆಡಿ. ಸದ್ಯಕ್ಕೆ ನಮ್ ಬಿಲ್ಡಿಂಗಲ್ಲೇ ಬೆಳ್ಳಂದೂರು ಕಡೆ ಹೋಗೋರು ಇಬ್ರು ಸಿಕ್ಕಿದಾರೆ, ಸೋಮವಾರದಿಂದ ಒಂದೇ ಕಾರು. ಜೆಪಿ ನಗರ ಆರನೇ ಫೇಸ್ ಕಡೆಯಿಂದ ಬೆಳಿಗ್ಗೆ ಎಂಟಕ್ಕೆ ಹೊರಡೋರು ಇನ್ನೊಬ್ರು ಇದ್ರೆ ಮೆಸೇಜ್ ಮಾಡಿ, ಒಂದು ಸೀಟು ಖಾಲಿ ಇದೆ.