ದಾಳಿಂಬೆ ದುಂಡಾಣು ಅಂಗಮಾರಿಗೆ ನ್ಯಾನೊ ತಾಮ್ರ, ಬೆಳ್ಳಿ: ಪ್ರಶ್ನೋತ್ತರ

(ದುಂಡಾಣು ಅಂಗಮಾರಿ ಎಂದರೆ ಎಲೆ, ಕಾಯಿಗೆ ಚುಕ್ಕೆ ಬೀಳಿಸುವ ಬ್ಯಾಕ್ಟೀರಿಯಾ ರೋಗ. ನ್ಯಾನೊ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ಇಲ್ಲಿ ರೈತರನ್ನು ಊರಿನ ಹೆಸರಿನಿಂದ, ನ್ಯಾನೊ ತಾಮ್ರ ಮಾರುವವರನ್ನು ‘ಅಂಗಡಿ’ ಎಂದು ಬರೆದಿದೆ.)

ಕುಷ್ಟಗಿ: ಸರ್ರ, ಭಗವಾ ತಳಿ, ಕಾಯಿ ನಿಂಬಿಹಣ್ಣಿನಷ್ಟು ಆಗ್ಯಾವ. ಚುಕ್ಕಿ ಬಂದಾವ. ನ್ಯಾನೊ ತಾಮ್ರ ಹೊಡದ್ರ ಹೋಗ್ತಾವೇನ್ರಿ?

ತಜ್ಞರು: ಬಿದ್ದ ಚುಕ್ಕೆ ಹೋಗುವುದಿಲ್ಲ. ತಾಮ್ರ ಹೊರಗಿನ ಕಾವಲು ಮಾತ್ರ, ಎಲೆಯೊಳಗೆ ಹೊಕ್ಕ ದುಂಡಾಣುವನ್ನು ಮುಟ್ಟದು. ಉಳಿದ ಕಾಯಿ ಕಾಯಲು ನ್ಯಾನೊ ಬೇಕಿಲ್ಲ, ಸಾಮಾನ್ಯ ತಾಮ್ರದ ಔಷಧ ಕಾಪರ್ ಹೈಡ್ರಾಕ್ಸೈಡ್ ಲೀಟರಿಗೆ 2 ಗ್ರಾಂ ಸಾಕು. ಚುಕ್ಕೆ ಬಿದ್ದ ಕಾಯಿ ಕಿತ್ತು ತೋಟದಾಚೆ ಸುಡಿ.

ಹಿರಿಯೂರು: ವಿಡಿಯೊ ನೋಡಿ ನ್ಯಾನೊ ಬೆಳ್ಳಿ ಮಾಡಲು ತುಳಸಿ ಕಷಾಯಕ್ಕೆ ಸಿಲ್ವರ್ ನೈಟ್ರೇಟ್ (ಬೆಳ್ಳಿಯ ಲವಣ) ಹಾಕಿದೆ, ಕಂದು ಬಣ್ಣ ಬಂತು. ಬೋರ್ ನೀರಿಗೆ ಬೆರೆಸಿದಾಗ ಡ್ರಮ್ಮಿನಲ್ಲಿ ಬಿಳಿ ಮೋಡ ಕಟ್ಟಿತು. ಹೊಡೆದ ಮೂರನೇ ದಿನ ಚಿಗುರು ಸುಟ್ಟಿದೆ.

ತಜ್ಞರು: ಇನ್ನೊಂದು ಹನಿ ಹೊಡೆಯಬೇಡಿ. ಆ ಬಿಳಿ ಮೋಡ ಸಿಲ್ವರ್ ಕ್ಲೋರೈಡ್. ನೀರಿನ ಕ್ಲೋರೈಡು ಬೆಳ್ಳಿಯನ್ನು ಹಿಡಿದಿದೆ. ಅಂದರೆ ಸಿಲ್ವರ್ ನೈಟ್ರೇಟ್ ಎಲ್ಲವೂ ನ್ಯಾನೊ ಕಣವಾಗಿರಲಿಲ್ಲ, ಹಾಗೇ ಉಳಿದದ್ದು ಎಳೆ ಚಿಗುರನ್ನು ಸುಟ್ಟಿತು. ಕಂದು ಬಣ್ಣ ನೋಡಿ ಕಣ ಹುಟ್ಟಿದೆ ಎನ್ನಬಹುದು, ಎಷ್ಟು, ಯಾವ ಗಾತ್ರದ್ದು ಎಂದು ಹೇಳಲಾಗದು. ಗಡಸು ನೀರಿನ ಕ್ಯಾಲ್ಸಿಯಂ ಇದ್ದ ಕಣಗಳನ್ನೂ ಗಂಟು ಕಟ್ಟಿಸುತ್ತದೆ, ಆಮೇಲೆ ನ್ಯಾನೊ ಎಲ್ಲಿ ಉಳಿಯಿತು?
ಮೊದಲು ರೋಗ ಅದೇನಾ ನೋಡಿ. ಎಲೆಯನ್ನು ಬಿಸಿಲಿಗೆ ಹಿಡಿದರೆ ದುಂಡಾಣು ಚುಕ್ಕೆಯ ಅಂಚು ಎಣ್ಣೆ ಹೀರಿದ ಕಾಗದದಂತೆ ಕಾಣುತ್ತದೆ. ಹೌದಾದರೆ ಒಣ ಹವೆಯಲ್ಲಿ ರೋಗದ ಕೊಂಬೆಯನ್ನು ಗಾಯಕ್ಕಿಂತ ಎರಡು ಇಂಚು ಕೆಳಗೆ ಕತ್ತರಿಸಿ, ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಶೇ. 1ರ ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಅದ್ದಿ. ಕೊಯ್ದಲ್ಲಿ ಶೇ. 10ರ ಬೋರ್ಡೋ (ಮೈಲುತುತ್ತ, ಸುಣ್ಣದ ಮಿಶ್ರಣ) ಪೇಸ್ಟ್ ಹಚ್ಚಿ.

ವಿಜಯಪುರ: ಹುಳಿ ಮಜ್ಜಿಗ್ಯಾಗ ತಾಮ್ರದ ತಂತಿ 15 ದಿನ ಇಟ್ರ ನ್ಯಾನೊ ತಾಮ್ರ ಆಗತೈತಂತ. ಫಾರ್ವರ್ಡ್ ಬಂದೈತಿ.

ತಜ್ಞರು: ಅದು ತಾಮ್ರ ಕರಗಿದ ಮಜ್ಜಿಗೆ. ಹುಳಿಯಲ್ಲಿ ಕರಗಿದ ತಾಮ್ರವೇ ಎಲೆ ಸುಡುವುದು. ಫಾರ್ವರ್ಡ್ ಹಾಕಬೇಡಿ ಎಂದು ಎಷ್ಟು ಸಲ ಹೇಳಲಿ?

ಅಂಗಡಿ: 2012ರಲ್ಲೇ ಪ್ರಬಂಧ ಬಂದಿದೆ, 0.2 ಪಿಪಿಎಂ (ಹತ್ತು ಲಕ್ಷ ಪಾಲಿಗೆ 0.2 ಪಾಲು) ನ್ಯಾನೊ ತಾಮ್ರ ಈ ದುಂಡಾಣುವನ್ನು ತಡೆದಿದೆ. ಬೋರ್ಡೋ ಹಳೇ ಕಾಲದ್ದು.

ತಜ್ಞರು: ಅದು ಪ್ರಯೋಗಾಲಯದ ತಟ್ಟೆಯ ಲೆಕ್ಕ. ತೋಟದಲ್ಲಿ ಮಳೆ ಬರುತ್ತದೆ.

ಹೊಸದುರ್ಗ: ನಿಮ್ಮ ನ್ಯಾನೊ ತಾಮ್ರದ ಡಬ್ಬದ ಮೇಲೆ ಸರ್ಕಾರದ ಕೀಟನಾಶಕ ನೋಂದಣಿ ಸಂಖ್ಯೆ ಇದೆಯಾ?

ಅಂಗಡಿ: ಬಯೋ ಉತ್ಪನ್ನ, ಬೇಕಿಲ್ಲ.

ಹೊಸದುರ್ಗ: ತಾಮ್ರ ಯಾವಾಗ ಬಯೋ ಆಯ್ತು ಸ್ವಾಮಿ?

ಅಂಗಡಿ: ಬೋರ್ಡೋ ಕಲಸೋಕೆ ಆಳು ಸಿಗ್ತಾರಾ?

ಹೊಸದುರ್ಗ: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಚಾಕು ಅದ್ದಿ, ತುಕ್ಕಿನ ಬಣ್ಣ ಹಿಡಿದರೆ ಸುಣ್ಣ ಸೇರಿಸಿ. ಇದಕ್ಕೆಂಥ ಆಳು?

ತಜ್ಞರು: ಅದು ಹಣ್ಣಿಲ್ಲದ ವಿಶ್ರಾಂತಿ ಕಾಲಕ್ಕೆ. ಕಾಯಿ ಮೇಲೆ ಹೊಡೆದರೆ ಕಲೆ.

ಗದಗ: ನ್ಯಾನೊ ತಾಮ್ರ ಹೊಡದ್ರ ಚುಕ್ಕಿ ಹೋಗ್ತಾವೇನ್ರಿ?

ತಜ್ಞರು: ಮೇಲೆ ಓದಿ.

ಕೊಪ್ಪಳ: ನ್ಯಾನೊ ಯೂರಿಯಾ ಕೂಡ ಬೆರಸಬಹುದೇನ್ರಿ?

ತಜ್ಞರು: ಅದು ಗೊಬ್ಬರ. ಬೆರೆಸಬೇಡಿ.

ಅಂಗಡಿ: ಹೊಸದುರ್ಗದವರೇ, ಮಾಲು ಮಾರೋರ ಹೊಟ್ಟೆ ಮೇಲೆ ಯಾಕೆ ಹೊಡೀತೀರಾ?

ಹೊಸದುರ್ಗ: ಸಂಖ್ಯೆ ಹೇಳಿ, ಸುಮ್ಮನಾಗ್ತೀನಿ.

ಹಿರಿಯೂರು: ಸರ್, ಹೊಡೆದ ಬೆಳ್ಳಿ ಹಣ್ಣಿನಲ್ಲಿ ಉಳಿಯುತ್ತಾ? ರಫ್ತಿಗೆ ಕೊಡುವ ಮಾಲು... ಸರ್?